ಕಮಲಾಪುರದ ಪದಕದ ಮೇಲಿನ ಎರಡು ಕತ್ತಿ

೧೯೪೯ರಲ್ಲಿ, ಹೈದರಾಬಾದ್ ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ ಪೊಲೀಸ್ ಆಕ್ಷನ್ ಮುಗಿದು ಕೆಲವು ತಿಂಗಳಾಗಿದ್ದಾಗ, ನಾನು ಕಲಬುರಗಿಯ ಸರ್ಕಾರಿ ದಫ್ತರಖಾನೆಯೊಂದರಲ್ಲಿ ಹಳೆಯ ಕಾಗದಪತ್ರ ಕಾಯುವ ಗುಮಾಸ್ತನಾಗಿದ್ದೆ. ಉರ್ದು ಬಲ್ಲವನು, ಎಂಥ ಮೊಹರನ್ನೂ ಗುರುತಿಸುವವನು ಎಂಬ ಹೆಸರಿತ್ತು. ಆ ಹೆಸರು ನನ್ನ ತಲೆಗೂ ಸ್ವಲ್ಪ ಏರಿತ್ತು.

ಒಂದು ದಿನ ಪೊಲೀಸರು ಸವೆದ ಬೆಳ್ಳಿಯ ಪದಕವೊಂದನ್ನು ತಂದರು. ಕಮಲಾಪುರದ ರೈತ ಮೌಲಾಸಾಬನ ಮನೆಯಲ್ಲಿ ಸಿಕ್ಕಿದ್ದು. ಆತ ನಿಜಾಮರ ಪರ ಹತಿಯಾರು ಹಿಡಿದ ರಜಾಕಾರನೆಂದು ಯಾರೋ ದೂರು ಕೊಟ್ಟಿದ್ದರಿಂದ ಲಾಕಪ್ಪಿನಲ್ಲಿದ್ದ. ಪದಕ ಎಲ್ಲಿಯದೆಂದು ನಾನು ಬರೆದುಕೊಡಬೇಕಿತ್ತು.

ಒಂದು ಬದಿ ಸುಲಭವಾಗಿತ್ತು. ಅಲ್ಲಿದ್ದದ್ದು ದಸ್ತಾರ, ಅಂದರೆ ನಿಜಾಮರ ಲಾಂಛನದ ಪೇಟ. ಹಾಗಾಗಿ ಪದಕ ಹೈದರಾಬಾದ್ ಸಂಸ್ಥಾನದ್ದೇ. ಇನ್ನೊಂದು ಬದಿಯಲ್ಲಿ ಅಡ್ಡಡ್ಡ ಇಟ್ಟ ಎರಡು ಉದ್ದನೆಯ ಆಕೃತಿಗಳು. ರಜಾಕಾರರು ನನ್ನ ಸೋದರಮಾವನ ಮನೆ ಸುಟ್ಟಿದ್ದರು. ಆ ಸಿಟ್ಟು ಆರಿರಲಿಲ್ಲ. ‘ಎರಡು ಕತ್ತಿ, ಹತಿಯಾರಿನವರ ಗುರುತು’ ಎಂದು ಬರೆದು ಸಹಿ ಹಾಕಿದೆ. ಅರ್ಧ ಗಂಟೆಯೂ ಹಿಡಿಯಲಿಲ್ಲ.

ಮೂರನೆಯ ದಿನ ಮೌಲಾಸಾಬನ ಹೆಂಡತಿ ಕಾಸೀಂಬಿ ಕಚೇರಿಗೆ ಬಂದಳು. ಅಳಲಿಲ್ಲ, ಕೈ ಮುಗಿಯಲಿಲ್ಲ. ಮಕ್ಕಳಿಗೆ ದೃಷ್ಟಿಯಾಗದಿರಲೆಂದು ಆ ಪದಕವನ್ನು ಕರಿದಾರದಲ್ಲಿ ಕಟ್ಟುತ್ತಿದ್ದರಂತೆ. ಹಬ್ಬ ಬಂದಾಗೆಲ್ಲ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದರಂತೆ.

“ನನ್ನ ಗಂಡ ಸಣ್ಣಾಂವ ಇದ್ದಾಗ ಅವನ ಕೊರಳಾಗ ಇದ ಇತ್ತರೀ. ರಜಾಕಾರ್ರು ಬಂದಿದ್ದು ಮೊನ್ನೆ ಮೊನ್ನೆ ಅಲ್ಲೇನ್ರೀ?” ಎಂದಳು.

ನನಗೆ ನಾಚಿಕೆಯಾಯಿತು. ಸವೆದ ಮೊಹರನ್ನು ಬಿಸಿ ಅರಗಿನ ಮೇಲೆ ಒತ್ತಿ, ತಣಿದ ಮೇಲೆ ಓರೆ ಬೆಳಕಿಗೆ ಹಿಡಿದು ಓದಬೇಕೆಂಬುದು ನಮ್ಮ ಕೆಲಸದ ಮೊದಲ ಪಾಠ. ಅದನ್ನೇ ನಾನು ಮಾಡಿರಲಿಲ್ಲ. ಈಗ ಒತ್ತಿ ನೋಡಿದೆ. ಕತ್ತಿಯ ಅಲಗಿನ ಅಂಚಿನಲ್ಲಿ ಸಾಲುಸಾಲು ಕಾಳು ಮೂಡಿದ್ದವು. ಹಿಡಿ ಅಂದುಕೊಂಡದ್ದು ಎಲೆ. ಅವು ಎರಡು ಜೋಳದ ತೆನೆಗಳು!

ತೆನೆಯ ಗುರುತು ಎಂದಮೇಲೆ ಅದು ನುಮಾಯಿಷಿನದು, ಅಂದರೆ ಕೃಷಿ ಪ್ರದರ್ಶನದ್ದು ಇರಬೇಕೆಂದು ಹಳೆಯ ಕಟ್ಟುಗಳನ್ನು ಬಿಚ್ಚಿದೆ. ಎರಡು ದಿನ ಧೂಳು ಕುಡಿದ ಮೇಲೆ ಬಹುಮಾನದ ಪಟ್ಟಿ ಸಿಕ್ಕಿತು. ಬಿಳಿಜೋಳಕ್ಕೆ ಬೆಳ್ಳಿ ಪದಕ ಪಡೆದವರಲ್ಲಿ ಮೌಲಾಸಾಬನ ತಂದೆಯ ಹೆಸರಿತ್ತು. ‘ನನ್ನ ಹಿಂದಿನ ಅಭಿಪ್ರಾಯ ತಪ್ಪು’ ಎಂದು ಬರೆದು ಸಹಿ ಹಾಕಿದೆ. ವಾರದೊಳಗೆ ಆತನನ್ನು ಬಿಟ್ಟರು.

ಪದಕ ಒಯ್ಯಲು ಗಂಡಹೆಂಡಿರನ್ನು ಕರೆಸಿದೆ. ಮೌಲಾಸಾಬ ಅದನ್ನು ನೋಡಿದ, ಮುಟ್ಟಲಿಲ್ಲ.

“ಬ್ಯಾಡ್ರೀ ಸಾಹೇಬ್ರ, ನಿಮ್ಮ ಹತ್ರನ ಇರ್ಲಿ. ಜ್ವಾಳ ಅದ ಅಂತ ನೀವು ಕಾಗದದಾಗ ಬರದೀರಿ. ನಮ್ಮೂರಾಗ ಎಲ್ಲಾರೂ ಕತ್ತಿ ಅಂತಾರ, ಮನಿಮನಿಗೆ ಹೋಗಿ ಅದನ್ನ ಯಾರು ಓದಿ ಹೇಳ್ತಾರ?”

ಪದಕ ನನ್ನ ಹತ್ತಿರವೇ ಉಳಿಯಿತು. ನಿವೃತ್ತಿಯವರೆಗೆ ಅರಗಿನಲ್ಲಿ ಒತ್ತದೆ ಯಾವ ಗುರುತಿಗೂ ನಾನು ಹೆಸರಿಡಲಿಲ್ಲ. ನನ್ನ ಎರಡನೆಯ ವರದಿ ಒಬ್ಬ ಮನುಷ್ಯನನ್ನು ಮನೆಗೆ ಕಳಿಸಿತು. ಆದರೆ ಅಪ್ಪ ಬೆಳೆದ ಜೋಳಕ್ಕೆ ಬಂದ ಪದಕವನ್ನು ಮನೆಯಲ್ಲಿಟ್ಟುಕೊಳ್ಳುವ ಧೈರ್ಯವನ್ನು ಮೊದಲನೆಯದು ಕಿತ್ತುಕೊಂಡಿತ್ತು. ಆ ಧೈರ್ಯವನ್ನು ತಿರುಗಿ ಕೊಡಲು ನನ್ನಿಂದ ಆಗಲಿಲ್ಲ.