ನಾನು ಹಾಕದ ಗಂಟು

ಇದನ್ನು ಹೇಳುವುದನ್ನು ನಾನು ಬಹಳ ವರ್ಷ ಮುಂದೂಡಿದ್ದೇನೆ. ಮೊದಲು ಸಮಯವಿಲ್ಲ ಎಂದುಕೊಂಡೆ, ಆಮೇಲೆ ಯಾರೂ ನಂಬುವುದಿಲ್ಲ ಎಂದುಕೊಂಡೆ. ನಿಜವಾದ ಕಾರಣ ಬೇರೆ. ನಡೆದ ವಿಚಿತ್ರವನ್ನು ಹೇಳಬೇಕಾದರೆ ನಾನು ಮಾಡಿದ ತಪ್ಪನ್ನು ಮೊದಲು ಹೇಳಬೇಕಾಗುತ್ತದೆ. ಈಗ ನನಗೆ ಎಪ್ಪತ್ತನಾಲ್ಕು. ಇನ್ನೂ ಮುಂದೂಡಿದರೆ ಹೇಳದೆಯೇ ಹೋಗುತ್ತೇನೆ.

ದೆವ್ವ, ಗಾಳಿ, ಮಾಟ ಇವನ್ನೆಲ್ಲ ನಾನು ಎಂದೂ ನಂಬಿದವನಲ್ಲ. ಎಸ್ಸೆಸ್ಸೆಲ್ಸಿವರೆಗೆ ಓದಿದೆ, ಅಕ್ಕ ಕರೆಸಿಕೊಂಡಳೆಂದು ಈ ದೇಶಕ್ಕೆ ಬಂದೆ, ಹೇವರ್ಡಿನ ಒಂದು ಗೋದಾಮಿನಲ್ಲಿ ಇಪ್ಪತ್ತೆರಡು ವರ್ಷ ಫೋರ್ಕ್‌ಲಿಫ್ಟ್ ಓಡಿಸಿದೆ. ಕಣ್ಣಿಗೆ ಕಂಡದ್ದು, ಕೈಗೆ ಸಿಕ್ಕದ್ದು, ಅಷ್ಟೇ ನನ್ನ ಲೋಕ. ಯಾರಾದರೂ ಇಂಥ ಕಥೆ ಹೇಳಿದರೆ ನಕ್ಕು ಎದ್ದು ಹೋಗುತ್ತಿದ್ದೆ.

ಅದೇ ಗೋದಾಮಿನಲ್ಲಿ ಪುಟ್ಟಸ್ವಾಮಿ ಕೆಲಸಕ್ಕಿದ್ದ. ಮಳವಳ್ಳಿ ಕಡೆಯವನು, ನನಗಿಂತ ಐದು ವರ್ಷ ಚಿಕ್ಕವನು. ನಮ್ಮಿಬ್ಬರನ್ನೂ ಹತ್ತಿರ ತಂದದ್ದು ಹಂದಿ ಸಾರು. ಅಂಗಡಿಯ ಹಂದಿಮಾಂಸಕ್ಕೆ ಊರಿನ ರುಚಿ ಬರುವುದಿಲ್ಲ ಎಂದು ಇಬ್ಬರೂ ಗೊಣಗುತ್ತಿದ್ದೆವು. ಮಾರ್ಗನ್ ಹಿಲ್‌ನ ಆಚೆ ಗುಡ್ಡಗಳಲ್ಲಿ ಕಾಡುಹಂದಿಗಳಿವೆ, ಹುಲ್ಲುಗಾವಲನ್ನೆಲ್ಲ ಬಗೆದು ಹಾಕುತ್ತವೆ, ಜಮೀನಿನವರು ಬೇಟೆಗೆ ಬಿಡುತ್ತಾರೆ ಎಂದು ತಿಳಿದಾಗ ಲೈಸೆನ್ಸ್ ಮಾಡಿಸಿಕೊಂಡೆವು, ಬಿಲ್ಲು ಕೊಂಡೆವು. ಅಲ್ಲಿನ ಒಬ್ಬ ಮುದುಕಿ ತನ್ನ ಜಮೀನಿನಲ್ಲಿ ಅನುಮತಿ ಕೊಟ್ಟಳು. ಅವಳ ಹುಲ್ಲುಗಾವಲಿನ ಅಂಚಿನಲ್ಲಿ ಒಂದು ದೊಡ್ಡ ಓಕ್ ಮರವಿತ್ತು. ಅದರ ಮೇಲೆ ಕೂತು ಕಾಯುವುದು ನಮ್ಮ ಪದ್ಧತಿ.

ಮರ ಹತ್ತಲು ಕಳಚಿ ಒಯ್ಯುವ ಮೆಟ್ಟಿಲುಗಳು ಸಿಗುತ್ತವೆ. ಮೂರಡಿ ಉದ್ದದ ಅಲ್ಯೂಮಿನಿಯಂ ಕೋಲು, ಅದರ ಎರಡೂ ಕಡೆ ಕಾಲಿಡುವ ಜಾಗ. ಒಂದು ಪಟ್ಟಿಯನ್ನು ಕಾಂಡಕ್ಕೆ ಸುತ್ತಿ ಬಕಲಿನಲ್ಲಿ ಎಳೆದು ಬಿಗಿಯಬೇಕು. ಒಂದನ್ನು ನೆಲದಿಂದ ಕಟ್ಟಿ, ಅದರ ಮೇಲೆ ನಿಂತು ಮುಂದಿನದನ್ನು ಕಟ್ಟುತ್ತ ಹೋಗಬೇಕು. ನಾಲ್ಕು ಕೋಲಿಗೆ ಕೂರುವ ಕೊಂಬೆ ಸಿಗುತ್ತಿತ್ತು.

ಈ ವಿಷಯದಲ್ಲಿ ಪುಟ್ಟಸ್ವಾಮಿ ಬಹಳ ಕಟ್ಟುನಿಟ್ಟು. ಕಾಲು ನೆಲ ಬಿಡುವ ಮೊದಲೇ ಮೈಗೆ ಬೆಲ್ಟು ಹಾಕಿ, ಅದರ ಹಗ್ಗವನ್ನು ಕಾಂಡದ ಸುತ್ತ ಬಳಸಿ ಸಿಕ್ಕಿಸಬೇಕು. ಕೋಲಿನ ಮೇಲೆ ಪೂರ್ತಿ ಭಾರ ಬಿಡುವ ಮುಂಚೆ ಒಂದು ಕಾಲಿಟ್ಟು ಜಗ್ಗಿ ನೋಡಬೇಕು. ಎರಡು ಕೈ ಎರಡು ಕಾಲುಗಳಲ್ಲಿ ಮೂರು ಯಾವಾಗಲೂ ಮರದ ಮೇಲಿರಬೇಕು. ಬಿಲ್ಲನ್ನು ಹೆಗಲಿಗೆ ಹಾಕಿಕೊಂಡು ಹತ್ತಬಾರದು, ಮೇಲೆ ಕೂತ ಮೇಲೆ ದಾರದಲ್ಲಿ ಎಳೆದುಕೊಳ್ಳಬೇಕು. ಇಷ್ಟು ಸಾಲದೆಂದು, ಬಕಲನ್ನೂ ನಂಬದೆ, ಪಟ್ಟಿಯ ಉಳಿದ ತುದಿಯನ್ನು ಇನ್ನೊಂದು ಸುತ್ತು ತಂದು ಒಂದು ಗಂಟು ಹಾಕುತ್ತಿದ್ದ. ಅವನ ಅಪ್ಪ ಕಬ್ಬಿನ ಹೊರೆಗೆ ಹಾಕುತ್ತಿದ್ದ ಗಂಟಂತೆ. ಎಳೆದಷ್ಟೂ ಬಿಗಿಯಾಗುತ್ತದೆ, ಒಂದು ತುದಿ ಎತ್ತಿದರೆ ಬಿಚ್ಚುತ್ತದೆ.

“ಮದುವೆ ಹೆಣ್ಣಿಗೆ ಸೀರೆ ಉಡಿಸೋಕೂ ಇಷ್ಟೊತ್ತು ಬೇಡ ಕಣ್ಲಾ” ಎನ್ನುತ್ತಿದ್ದೆ ನಾನು. “ನಾನು ಒಂದು ಹಗ್ಗದ ಬಳೆ ಕಾಲಿಗೆ ಹಾಕ್ಕೊಂಡು ತೆಂಗಿನ ಮರ ಹತ್ತಿದೋನು.”

“ತೆಂಗಿನ ಮರ ನಿಮಗೆ ಹೆದರ್ತಿತ್ತೇನೋ, ಈ ಮರಕ್ಕೆ ನಿಮ್ಮ ಪರಿಚಯ ಇಲ್ಲ ಕಣಣ್ಣ” ಎನ್ನುತ್ತಿದ್ದ ಅವನು.

ಆ ಗಂಟನ್ನು ನನಗೆ ಎಷ್ಟೋ ಸಲ ಹೇಳಿಕೊಟ್ಟ. ನನ್ನ ಬೆರಳಿಗೆ ಅದು ಬರಲೇ ಇಲ್ಲ. ಚಿಕ್ಕವನ ಕೈಲಿ ಮತ್ತೆ ಮತ್ತೆ ಹೇಳಿಸಿಕೊಳ್ಳಲು ನಾಚಿಕೆಯಾಗಿ ಒಂದು ದಿನ “ಬಂತು ಬಿಡು” ಎಂದುಬಿಟ್ಟೆ.

ಆ ವರ್ಷದ ಆಯುಧಪೂಜೆಗೆ ನನ್ನ ಗ್ಯಾರೇಜಿನಲ್ಲಿ ಕಾರು, ನಮ್ಮಿಬ್ಬರ ಬಿಲ್ಲು, ಬೆಲ್ಟು, ಮೆಟ್ಟಿಲು ಎಲ್ಲವನ್ನೂ ದೇವರ ಪಟದ ಮುಂದೆ ಇಟ್ಟಿದ್ದೆ. ಬಕಲುಗಳು ಮಂಕಾಗಿದ್ದವು. ಕೊಬ್ಬರಿ ಎಣ್ಣೆ ಸವರಿ, ಹೊಳೆಯುವ ಹಾಗೆ ಉಜ್ಜಿ, ಅರಿಶಿನ ಕುಂಕುಮ ಇಟ್ಟೆ. ಪಟ್ಟಿಯನ್ನು ಕಚ್ಚಿ ಹಿಡಿಯುವ ಹಲ್ಲುಗಳಿಗೂ ಎಣ್ಣೆ ಹತ್ತಿತು. ಅದು ಭಕ್ತಿ ಎಂದುಕೊಂಡಿದ್ದೆ.

ಮಾರನೆಯ ಬೆಳಗಿನ ಜಾವ ಬೇಟೆಗೆ ಹೊರಟಾಗ ಬೆಲ್ಟುಗಳನ್ನು ಗ್ಯಾರೇಜಿನಲ್ಲೇ ಬಿಟ್ಟೆ. ಮರೆತೆ ಎಂದು ಎಲ್ಲರಿಗೂ ಹೇಳಿದ್ದೇನೆ. ಮರೆತಿರಲಿಲ್ಲ. ಬೆಲ್ಟು ಇದ್ದರೆ ಅವನು ಹತ್ತಲು ಕಾಲು ಗಂಟೆ ತೆಗೆದುಕೊಳ್ಳುತ್ತಾನೆ, ಅಷ್ಟರಲ್ಲಿ ಹಂದಿ ಬಂದು ಹೋಗುತ್ತದೆ ಎಂಬ ಅವಸರ ನನಗೆ.

ಮೊದಲ ಎರಡು ಕೋಲುಗಳನ್ನು ನಾನು ಕಟ್ಟಿ ಕೆಳಗಿಳಿದೆ. ಇನ್ನೂ ಸರಿಯಾಗಿ ಬೆಳಕಾಗಿರಲಿಲ್ಲ. ಪುಟ್ಟಸ್ವಾಮಿ ಕೆಳಗೆ ನಿಂತು ಕೇಳಿದ, “ಬೆಲ್ಟಂತೂ ಮರೆತು ಬಂದ್ರಿ, ಗಂಟಾದ್ರೂ ಹಾಕಿದ್ರಾ ಅಣ್ಣ?”

“ಎರಡಕ್ಕೂ ಹಾಕಿದ್ದೀನಿ, ನಿನ್ನ ಹಾಳು ಗಂಟು. ಹತ್ತು.”

ಹಾಕಿರಲಿಲ್ಲ. ಅವನು ನಂಬಿ ಹತ್ತಿದ. ಎರಡನೆಯ ಕೋಲಿನ ತುದಿಯಲ್ಲಿ ನಿಂತು ಮೂರನೆಯದನ್ನು ಬಿಗಿಯಲು ಹಿಂದಕ್ಕೆ ಜಗ್ಗಿದಾಗ ಪಟ್ಟಿ ಬಕಲಿನಿಂದ ಜಾರಿತು. ಕೆಳಗೆ ಬೇರಿನ ಮೇಲೆ ಬೆನ್ನು ಕೊಟ್ಟು ಬಿದ್ದ. ಕೂಗಲಿಲ್ಲ. “ಅಣ್ಣ, ಕಾಲು ಇದೆಯಾ ನೋಡಿ” ಎಂದ, ಅಷ್ಟೆ.

ಇಲ್ಲಿಂದ ಮುಂದೆ ಅವನ ಹೆಸರು ಬರೆಯಲು ನನ್ನ ಕೈ ಏಳುವುದಿಲ್ಲ. ಆಂಬುಲೆನ್ಸ್ ಬರುವ ಮೊದಲು ನಾನು ಮಾಡಿದ್ದೇನು ಗೊತ್ತೇ? ಆ ಬಕಲಿನ ಎಣ್ಣೆಯನ್ನು ನನ್ನ ಅಂಗಿಯ ಅಂಚಿನಿಂದ ಒರೆಸಿದೆ.

ಅವನು ಮತ್ತೆ ನಡೆಯಲಿಲ್ಲ. ಪಟ್ಟಿ ಹಳೆಯದಾಗಿತ್ತು ಎಂದು ನಾನು ಹೇಳಿದ್ದನ್ನು ಎಲ್ಲರೂ ಒಪ್ಪಿದರು. ಗಂಟಿನ ವಿಷಯ ಅವನು ಯಾರಿಗೂ ಹೇಳಲಿಲ್ಲ, ನನ್ನನ್ನೂ ಕೇಳಲಿಲ್ಲ. ವಾರಕ್ಕೊಮ್ಮೆ ಅವನ ಮನೆಗೆ ಹೋಗುತ್ತಿದ್ದೆ. ಪ್ರತಿ ಸಲ ಇವತ್ತು ಹೇಳುತ್ತೇನೆ ಎಂದುಕೊಂಡು ಹೋಗಿ, ಕಾಫಿ ಕುಡಿದು ಬರುತ್ತಿದ್ದೆ. ನಾಲ್ಕು ವರ್ಷಗಳ ಮೇಲೆ ಅವನಿಗೆ ಪಾರ್ಶ್ವವಾಯು ಬಡಿಯಿತು. ಮಾತು ನಿಂತಿತು. ಅದುವರೆಗೆ ಆಡುತ್ತಿದ್ದ ಎರಡು ಕೈಗಳೂ ಮುಷ್ಟಿ ಕಟ್ಟಿಕೊಂಡು ಬಿಗಿದವು. ಉಗುರು ಅಂಗೈಗೆ ನಾಟದಿರಲೆಂದು ಅವನ ಹೆಂಡತಿ ಮುಷ್ಟಿಯೊಳಗೆ ಬಟ್ಟೆಯ ಸುರುಳಿ ಇಡುತ್ತಿದ್ದಳು.

ನಾನು ಬೇಟೆ ಬಿಡಲಿಲ್ಲ. ಬಿಟ್ಟರೆ ಜನ ಯಾಕೆ ಎಂದು ಕೇಳುತ್ತಾರಲ್ಲ. ಆ ಮರದ ಹತ್ತಿರ ಮಾತ್ರ ಹೋಗಿರಲಿಲ್ಲ. ಅವನು ಬಿದ್ದ ಆರನೆಯ ವರ್ಷ, ಒಂದು ಮಧ್ಯಾಹ್ನ, ಯಾಕೆಂದು ಈಗಲೂ ತಿಳಿಯದು, ಒಬ್ಬನೇ ಅಲ್ಲಿಗೆ ಹೋದೆ. ಮೆಟ್ಟಿಲುಗಳು ಹೊಸವು. ಬೆಲ್ಟು ಹಾಕಿಕೊಂಡೆ, ಹಗ್ಗ ಬಳಸಿದೆ, ಪ್ರತಿ ಕೋಲನ್ನೂ ಜಗ್ಗಿ ನೋಡಿದೆ. ಅವನು ಹೇಳಿದ್ದನ್ನೆಲ್ಲ ಮಾಡಿದೆ, ಗಂಟೊಂದನ್ನು ಬಿಟ್ಟು. ಪಟ್ಟಿಗಳ ತುದಿಗಳು ಸುಮ್ಮನೆ ಜೋತಾಡುತ್ತಿದ್ದುದನ್ನು ಹತ್ತುವಾಗ ಕಣ್ಣಾರೆ ನೋಡಿದ್ದೇನೆ. ಒಂದು ತುದಿ ಮುಖಕ್ಕೆ ಬಡಿದು ಪಕ್ಕಕ್ಕೆ ಸರಿಸಿದ್ದೂ ನೆನಪಿದೆ.

ಕೊಂಬೆಯ ಮೇಲೆ ಎರಡು ಗಂಟೆ ಕೂತೆ. ಕೆಳಗೆ ಮೊಣಕಾಲೆತ್ತರ ಒಣ ಹುಲ್ಲು, ತರಗೆಲೆ. ಒಂದು ಅಳಿಲು ನಡೆದರೂ ಸದ್ದು ಕೇಳುತ್ತಿತ್ತು. ಯಾರೂ ಬರಲಿಲ್ಲ. ನಾನು ನಿದ್ದೆ ಮಾಡಲಿಲ್ಲ. ಹಂದಿಯೂ ಬರಲಿಲ್ಲ. ಸೂರ್ಯ ಗುಡ್ಡದ ಹಿಂದೆ ಇಳಿದ ಮೇಲೆ, ಬೆಳಕಿರುವಾಗಲೇ ಕೆಳಗಿಳಿಯೋಣವೆಂದು ಮೇಲಿನ ಕೋಲಿನ ಪಟ್ಟಿಯ ಮೇಲೆ ಕೈಯಿಟ್ಟೆ.

ಗಂಟು ಇತ್ತು. ಪಟ್ಟಿಯ ತುದಿ ಇನ್ನೊಂದು ಸುತ್ತು ಬಂದು, ಮಡಚಿ, ಒಳಗೆ ತೂರಿ ಬಿಗಿದಿತ್ತು. ಅವನದೇ ಗಂಟು. ಅದರ ಕೆಳಗಿನದಕ್ಕೂ ಇತ್ತು. ನಾಲ್ಕಕ್ಕೂ ಇತ್ತು.

ನನಗೆ ಭಯವಾಗಲಿಲ್ಲ ಎಂದರೆ ಸುಳ್ಳು. ಬೆಲ್ಟಿಗೆ ಮೈಬಿಟ್ಟು ಕಾಂಡವನ್ನು ತಬ್ಬಿಕೊಂಡೆ. ಫೋನು ಜೇಬಿನಲ್ಲೇ ಇತ್ತು, ಫೋಟೋ ತೆಗೆಯಬೇಕೆಂದು ಹೊಳೆಯಲೇ ಇಲ್ಲ. ಮೆಟ್ಟಿಲು ಕಳಚಿಕೊಂಡು ಇಳಿಯಬೇಕಿತ್ತಲ್ಲ, ಅವನು ಹೇಳಿಕೊಟ್ಟ ಹಾಗೆ ಒಂದೊಂದೇ ತುದಿ ಎತ್ತಿದೆ. ಒಂದೊಂದೂ ಸಲೀಸಾಗಿ ಬಿಚ್ಚಿಕೊಂಡಿತು. ಇದ್ದ ಸಾಕ್ಷಿಯನ್ನು ಹೀಗೆ ನಾನೇ ಬಿಚ್ಚಿ ಹಾಕಿದೆ. ಮನೆಗೆ ಬಂದ ಮೇಲೆ ಹಾಗೆ ಕಟ್ಟಲು ನೂರು ಸಲ ನೋಡಿದ್ದೇನೆ. ಬರುವುದಿಲ್ಲ.

ಅಲ್ಲಿಂದ ನೇರ ಫ್ರೀವೇ ಹಿಡಿದು ಹೇವರ್ಡಿಗೆ, ಅವನ ಮನೆಗೆ ಹೋದೆ. ಸತ್ತವನ ಕೆಲಸ ಎನ್ನೋಣವೆಂದರೆ ಅವನು ಬದುಕಿದ್ದ. ಹೆಂಡತಿ ಬಾಗಿಲು ತೆಗೆದು, “ಏನಣ್ಣ ಹಿಂಗೆ ಬೆವೆತಿದ್ದೀರಾ? ಹಂದಿ ಅಟ್ಟಿಸ್ಕೊಂಡು ಬಂತಾ?” ಎಂದು ನಕ್ಕಳು.

“ಇವತ್ತು ಹೆಂಗಿದ್ದಾನೆ?” ಎಂದೆ.

“ಹಂಗೇ. ಬೆಳಿಗ್ಗೆಯಿಂದ ಒಂದು ಬೆರಳೂ ಅಲ್ಲಾಡಿಸಿಲ್ಲ.”

ಅವನ ಮುಷ್ಟಿಗಳು ಹೊದಿಕೆಯ ಮೇಲಿದ್ದವು, ಬಟ್ಟೆಯ ಸುರುಳಿಯೂ ಅಲ್ಲೇ ಇತ್ತು. ಅವನು ನನ್ನನ್ನೇ ನೋಡುತ್ತಿದ್ದ. ಅದರಲ್ಲಿ ಕೋಪವಿತ್ತೇ, ಕರುಣೆಯಿತ್ತೇ, ಏನೂ ಇರಲಿಲ್ಲವೇ, ಹೇಳಲಾರೆ. ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಕಾಫಿ ತಂದಳು. “ಚಳಿ ಜಾಸ್ತಿ ಆಯ್ತು” ಎಂದೆ. ಎಂಟು ತಿಂಗಳಿಗೆ ಅವನು ತೀರಿಕೊಂಡ.

ಆ ಗಂಟುಗಳನ್ನು ಯಾರು ಹಾಕಿದರು, ನನಗೆ ಗೊತ್ತಿಲ್ಲ. ಬಹಳ ಕಾಲ ಅದನ್ನು ಕ್ಷಮೆ ಎಂದುಕೊಳ್ಳಲು ಪ್ರಯತ್ನಿಸಿದೆ. ನಾನು ಬೀಳದಿರಲಿ ಎಂದು ಕಟ್ಟಿದ್ದಾನೆ ಎಂದುಕೊಂಡೆ. ಹೀಗೆ ಕಟ್ಟಬೇಕಿತ್ತು, ನೀನು ಕಟ್ಟಲಿಲ್ಲ ಎಂದು ತೋರಿಸಿದ್ದಾನೆ ಎಂದೂ ಅನ್ನಿಸುತ್ತದೆ. ನನ್ನ ತಲೆಯೇ ಕೆಟ್ಟು, ನಾನೇ ಕಟ್ಟಿ ಮರೆತೆನೇ? ಬಾರದ ಗಂಟನ್ನು ಹೇಗೆ ಕಟ್ಟುವುದು? ಯಾವ ದಾರಿಯಲ್ಲಿ ಯೋಚಿಸಿದರೂ ಅರ್ಧಕ್ಕೆ ನಿಲ್ಲುತ್ತೇನೆ.

ಹೋದ ತಿಂಗಳು ಅವನ ಹೆಂಡತಿ ಫೋನು ಮಾಡಿದಳು. ಮಗ ಬೇಟೆಗೆ ಹೋಗುತ್ತೇನೆ ಎನ್ನುತ್ತಿದ್ದಾನಂತೆ. “ನೀವೇ ಕಲಿಸಿಕೊಡಿ ಅಣ್ಣ. ನೀವು ಜೊತೆಗಿದ್ರೆ ನಂಗೆ ಹೆದರಿಕೆ ಇಲ್ಲ” ಎಂದಳು. ಮಗನಿಗೆ ಮೂವತ್ತು ದಾಟಿದೆ. ಕನ್ನಡ ಅರ್ಥವಾಗುತ್ತದೆ, ಮಾತು ಇಂಗ್ಲಿಷಿನಲ್ಲಿ. ನನ್ನ ಗ್ಯಾರೇಜಿನಲ್ಲಿ ಕಂಬವೊಂದಕ್ಕೆ ಕೋಲು ಕಟ್ಟಿ ಅವನಿಗೆ ಬೆಲ್ಟು ಹಾಕಿಸಿದೆ, ಹಗ್ಗ ಬಳಸುವುದನ್ನು ತೋರಿಸಿದೆ, ಭಾರ ಬಿಡುವ ಮುಂಚೆ ಜಗ್ಗಿ ನೋಡಬೇಕು ಎಂದೆ. ಅವನು ಗಮನವಿಟ್ಟು ಕೇಳಿದ. ಕೋಲಿನ ಮೇಲೆ ಒಂದು ಕಾಲಿಟ್ಟು ನಿಂತು, ನನ್ನ ಕಡೆ ತಿರುಗಿ, “ಅಂಕಲ್, ಡ್ಯಾಡ್ ಡಿಡಂಟ್ ಚೆಕ್ ಇಟ್, ರೈಟ್?” ಎಂದ, ಅಪ್ಪ ಪರೀಕ್ಷಿಸದೆ ಹತ್ತಿದ್ದಕ್ಕೇ ಬಿದ್ದರು ಅಲ್ಲವೇ ಎನ್ನುವ ಹಾಗೆ.

ನಾನು ಹೌದೆಂದು ತಲೆಯಾಡಿಸಿದೆ.