ಗೈಬುಸಾಬರು ಬಿಚ್ಚಿದ ಮಡ್‌ಗಾರ್ಡ್

ಕಳೆದ ಕಾರ್ತಿಕದ ಒಂದು ದಿನ, ಬೆಳಕು ಹರಿಯುವ ಹೊತ್ತು. ತಿಕೋಟಾದ ಬಸ್ ನಿಲ್ದಾಣದ ಎದುರಿನ ತಗಡಿನ ಚಪ್ಪರದಲ್ಲಿ ಗೈಬುಸಾಬರು ಹವಾ ತುಂಬಿದ ಟ್ಯೂಬನ್ನು ಬೋಗುಣಿಯ ನೀರಿನಲ್ಲಿ ಮುಳುಗಿಸಿ, ಗುಳ್ಳೆ ಏಳುವ ಜಾಗ ಹುಡುಕುತ್ತಿದ್ದಾರೆ. ಬಬಲೇಶ್ವರದ ದಾರಿಯಿಂದ ಬಂದ ಬಸಗೊಂಡಪ್ಪ ಕೆಳಗಿಳಿದು, ತನ್ನ ಸೈಕಲ್ಲನ್ನು ಸ್ಟ್ಯಾಂಡಿಗೆ ಹಾಕದೆ ಹಾಗೆಯೇ ನೆಲಕ್ಕೆ ಬಿಡುತ್ತಾನೆ. ಸೈಕಲ್ಲನ್ನು ಹಾಗೆ ಕೆಡವಿದವರನ್ನು ಬೈಯದೆ ಬಿಡುವ ಜಾತಿಯವರಲ್ಲ ಗೈಬುಸಾಬರು. ಬೈಯಲು ತೆರೆದ ಬಾಯಿ ಅವನ ಮುಖ ನೋಡಿ ಮುಚ್ಚಿಕೊಳ್ಳುತ್ತದೆ.

"ಕಾಕಾ, ಅಣ್ಣ ಹೋದ. ನಿನ್ನಿ ಸಂಜಿಕ ಪರದೇಶದಿಂದ ತಾರ ಬಂತು."

ಅಣ್ಣನೆಂದರೆ ಶಿವಯೋಗೆಪ್ಪ. ವಿಜಾಪುರದ ಒಂದು ಹತ್ತಿ ಗಿರಣಿಯಲ್ಲಿ ಗುಮಾಸ್ತನಾಗಿದ್ದ ಈ ತರುಣ ೧೯೭೩ರ ಕೊನೆಯಲ್ಲಿ ಮುಂಬಯಿಯಿಂದ ಹಡಗು ಹತ್ತಿ, ಬಸರಾದಲ್ಲಿ ಇಳಿದು, ಸೈಕಲ್ ತುಳಿಯುತ್ತ ಯುರೋಪು ಸೇರಿದ್ದ. ಡಾನ್ಯೂಬ್ ನದಿಯ ದಂಡೆ ಹಿಡಿದು ಮೇಲಕ್ಕೆ, ಅಲ್ಲಿಂದ ರೈನ್ ನದಿಗೆ, ಆಮೇಲೆ ಫ್ರಾನ್ಸಿನ ಕಾಲುವೆಗಳ ಗುಂಟ ಸಮುದ್ರದವರೆಗೆ ಹೋಗುವುದು ಅವನ ಆಸೆ. ಸಮುದ್ರ ಸಿಗಲಿಲ್ಲ. ಕಾಲುವೆಯ ದಂಡೆಯ ಒಂದು ಸಣ್ಣ ಊರಿನಲ್ಲಿ ಜ್ವರ ಎದೆಗಿಳಿದು, ಅಲ್ಲಿಯ ಆಸ್ಪತ್ರೆಯಲ್ಲಿ ತೀರಿಕೊಂಡ. ಆ ಊರಿನವರೇ ಮಣ್ಣು ಕೊಟ್ಟರು. ಅವನು ತುಳಿದ ಸೈಕಲ್ಲನ್ನು ಬಿಡಿಭಾಗ ಆಯ್ದು ಕಟ್ಟಿದವರು ಗೈಬುಸಾಬರು.

ವಿಜಾಪುರದಲ್ಲಿ ಶೋಕಸಭೆ ಆಯಿತು. ಭಾಷಣ ಮಾಡಿದವರು ಶಿವಯೋಗೆಪ್ಪನ ಎದೆಗಾರಿಕೆಯನ್ನು ಕೊಂಡಾಡಿದರು, ದೇಶದ ಹೆಸರು ಹೇಳಿದರು, ಸೈಕಲ್ ತಾನಾಗಿಯೇ ಹುಟ್ಟಿತೆಂಬಂತೆ ಮಾತಾಡಿ ಕುಳಿತರು. ಹಿಂದಿನ ಸಾಲಿನಲ್ಲಿ ಕೂತಿದ್ದ ಗೈಬುಸಾಬರಿಗೆ ಅದರಿಂದ ಬೇಸರವಾಗಲಿಲ್ಲ. ತಮ್ಮ ಹೆಸರು ಯಾರ ಬಾಯಲ್ಲೂ ಬರದಿರಲೆಂದೇ ಅವರು ಬೇಡಿಕೊಳ್ಳುತ್ತಿದ್ದರು.

ಗೈಬುಸಾಬರು ಅರಕೇರಿಯವರು. ತಂದೆ ಎತ್ತುಗಳ ಗೊರಸಿಗೆ ಕಬ್ಬಿಣದ ನಾಲು ಹೊಡೆಯುತ್ತಿದ್ದರು. ಸುತ್ತಿಗೆ ಹಿಡಿಯುವುದನ್ನು ಮಗ ಕಲಿತದ್ದು ಅಲ್ಲಿಯೇ. ಪ್ರಾಯಕ್ಕೆ ಬಂದಾಗ ತಿಕೋಟಾಕ್ಕೆ ಬಂದು ತಾಸಿನ ಬಾಡಿಗೆಗೆ ಸೈಕಲ್ ಕೊಡುವ ಅಂಗಡಿ ಹಾಕಿದರು. ಬಾಡಿಗೆ ಸೈಕಲ್ಲುಗಳು ಒಂದೊಂದಾಗಿ ಸವೆದು ಹೋದವು, ರಿಪೇರಿ ಉಳಿಯಿತು. ದಿನಕ್ಕೆ ಎಂಟೋ ಹತ್ತೋ ಪಂಕ್ಚರು, ಗಾಲಿಯ ಬೆಂಡು ತೆಗೆಯುವುದು ಒಂದೆರಡು. ಸಂತೆಯ ದಿನ ಉಣ್ಣಲೂ ಬಿಡುವಿಲ್ಲ. ಒಮ್ಮೆ ಗಾಲಿ ಬಿಗಿ ಮಾಡುವಾಗ ಅದರ ಕಡ್ಡಿಯೊಂದು ಕಿತ್ತು ಬಂದು ಎಡಗಣ್ಣಿಗೆ ಬಡಿಯಿತು. ಅಂದಿನಿಂದ ಆ ಕಣ್ಣಿಗೆ ಬೆಳಕಷ್ಟೇ ಕಾಣುತ್ತದೆ. ಕುಕ್ಕರುಗಾಲಿನಲ್ಲಿ ಕೂತು ಮೊಳಕಾಲು ಹಿಡಿದುಕೊಂಡಿವೆ, ಏಳುವಾಗ ಚಪ್ಪರದ ಕಂಬ ಬೇಕು.

ಡೋಣಿ ನದಿಯ ಸಾಲಿನ ಕಪ್ಪು ಎರೆಭೂಮಿಯಲ್ಲಿ ಮಳೆ ಬಿದ್ದರೆ ಸೈಕಲ್ಲಿನ ಪಾಡು ಹೇಳತೀರದು. ಮಣ್ಣು ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಮೆತ್ತಿಕೊಂಡು ಗಾಲಿ ತಿರುಗುವುದೇ ಇಲ್ಲ. ಸವಾರನೇ ಸೈಕಲ್ ಹೊತ್ತು ನಡೆಯಬೇಕು. ಅದಕ್ಕೇ ಜೂನ್ ತಿಂಗಳ ಮಿರಗದ ಮಳೆಯ ಮುಂಚೆ ರೈತರು ಗೈಬುಸಾಬರ ಹತ್ತಿರ ಬಂದು ಮಡ್‌ಗಾರ್ಡ್ ಬಿಚ್ಚಿಸಿ, ಚಪ್ಪರದ ತೊಲೆಗೆ ತೂಗಹಾಕಿ ಹೋಗುತ್ತಾರೆ. ದೀಪಾವಳಿ ಕಳೆದ ಮೇಲೆ ಬಂದು ಮತ್ತೆ ಹಾಕಿಸಿಕೊಳ್ಳುತ್ತಾರೆ.

ಹೋಗುವ ಮುಂಚೆ ಶಿವಯೋಗೆಪ್ಪ ಆ ದೇಶದ ದಾರಿಗಳ ವಿಷಯ ಬಣ್ಣಿಸಿದ್ದ. ಅಲ್ಲಿ ವರ್ಷವಿಡೀ ಮಳೆ. ಕಾಲುವೆಯ ಪಕ್ಕದ ದಾರಿಯಲ್ಲಿ ಹಿಂದೆ ಕುದುರೆಗಳು ಹಗ್ಗ ಕಟ್ಟಿಕೊಂಡು ಸರಕಿನ ದೋಣಿಗಳನ್ನು ಎಳೆಯುತ್ತಿದ್ದವಂತೆ. ಗೈಬುಸಾಬರು ಕೇಳಿ ಲೆಕ್ಕ ಹಾಕಿದರು: ಮಗ್ಗುಲಲ್ಲಿ ನೀರು, ಮೇಲೆ ಮಳೆ, ಕುದುರೆ ತುಳಿದ ನೆಲ, ಅಂದ ಮೇಲೆ ಮೊಳಕಾಲುದ್ದ ಕೆಸರು. ಅವನ ಸೈಕಲ್ಲಿನ ಎರಡೂ ಮಡ್‌ಗಾರ್ಡ್ ಬಿಚ್ಚಿ ತೊಲೆಗೆ ತೂಗಹಾಕಿದರು. ಅಲ್ಲಿಯದು ಕಲ್ಲುಪುಡಿ ಬಡಿದ ಗಟ್ಟಿ ದಾರಿ, ಗಾಲಿಗೆ ಮೆತ್ತುವ ಮಣ್ಣೇ ಇಲ್ಲ, ನೀರು ಮಾತ್ರ ಬೆನ್ನಿಗೆ ಸಿಡಿಯುತ್ತದೆ ಎಂಬುದು ಇಬ್ಬರಿಗೂ ಗೊತ್ತಿರಲಿಲ್ಲ.

ಅವನ ಪತ್ರಗಳು ಬಂದಾಗ ಬಸಗೊಂಡಪ್ಪ ತಂದು ಓದುತ್ತಿದ್ದ. ದ್ರಾಕ್ಷಿ ತೋಟಗಳು, ನೀರನ್ನು ತಡೆದು ದೋಣಿ ಏರಿಸುವ ಬಾಗಿಲುಗಳು, ಕಾಲುವೆ ಕಾಯುವ ಹೆಂಗಸು ಕೊಟ್ಟ ಬಿಸಿ ಸೂಪು. ಹೊತ್ತೂ ಗೊತ್ತೂ ಇಲ್ಲದೆ ಸುರಿಯುವ ಮಳೆ, ಕುಂಡಿಯಿಂದ ಕುತ್ತಿಗೆಯವರೆಗೆ ತೊಯ್ದ ಅಂಗಿ. ರೈನ್ ದಂಡೆಯ ಸೈಕಲ್ ಅಂಗಡಿಯವನೊಬ್ಬ ಮರುಗಿ, ಮಡ್‌ಗಾರ್ಡ್ ಜೋಡಿ ಪುಕ್ಕಟೆ ಹಾಕಿಕೊಡಲು ಬಂದನಂತೆ. ಶಿವಯೋಗೆಪ್ಪ ಬೇಡವೆಂದ. ಗೈಬು ಕಾಕಾ ಬಿಚ್ಚಿದ್ದಾರೆಂದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ, ಮುಂದೆ ಎಲ್ಲಿಯೋ ಕೆಸರು ಬಂದೇ ಬರುತ್ತದೆ ಎಂದು ಬರೆದಿದ್ದ.

ಈ ಮಾತು ನೆನಪಾದಾಗಲೆಲ್ಲ ಗೈಬುಸಾಬರಿಗೆ ಮೈ ಉರಿಯುತ್ತದೆ. "ಪುಕ್ಕಟೆ ಕೊಡಾಕತ್ತಿದ್ನಂತ ಆ ಪುಣ್ಯಾತ್ಮ. ಹಾಕ್ಕೊಂಡಿದ್ರ ಇವನ ಗಂಟೇನ ಹೋಗ್ತಿತ್ರಿ? ಬೆನ್ನ ತನ್ನದು, ತೊಯ್ದದ್ದು ತನಗ ಗೊತ್ತು. ನಾ ಬಿಚ್ಚೇನಿ ಅಂದ್ರ ಮುಗೀತೇನು? ನಾ ಏನ ಪೀರ ಆಗೇನೇನು?" ಎಂದು ಕೈಯಲ್ಲಿದ್ದ ನಟ್ಟು ತಿರುವುವ ಪಾನಾವನ್ನು ಡಬ್ಬಿಗೆ ಒಗೆಯುತ್ತಾರೆ. ಜ್ವರ ಯಾರಿಗಾದರೂ ಬರುತ್ತದೆ, ತೊಯ್ದವರೆಲ್ಲ ಸಾಯುವುದಿಲ್ಲ ಎಂದು ಊರಿನವರು ಸಮಾಧಾನ ಹೇಳಿದ್ದಾರೆ. ಇರಬಹುದು ಎನ್ನುತ್ತಾರೆ, ಒಪ್ಪುವುದಿಲ್ಲ. ಬದುಕಿದ್ದವನ ಜೊತೆ ಆಡಿದ್ದಕ್ಕಿಂತ ಹೆಚ್ಚು ಜಗಳ ಸತ್ತವನ ಜೊತೆ ಆಡುತ್ತಾರೆಂದು ಹೆಂಡತಿ ಜುಲೇಖಾ ಹಂಗಿಸುತ್ತಾರೆ.

ಸಾಲದ್ದಕ್ಕೆ ಶೋಕಸಭೆಯಲ್ಲಿಟ್ಟ ಫೋಟೋ ಪತ್ರಿಕೆಯಲ್ಲೂ ಬಂತು. ಮಡ್‌ಗಾರ್ಡ್ ಇಲ್ಲದ ಸೈಕಲ್, ಅದರ ಪಕ್ಕ ನಗುವ ಶಿವಯೋಗೆಪ್ಪ. ಈಗ ಜಿಲ್ಲೆಯ ಹುಡುಗರಿಗೆಲ್ಲ ಹಾಗೆಯೇ ಬೇಕು. ವಿಜಾಪುರದ ಜಲನಗರದಿಂದ ಇಸ್ತ್ರಿ ಮಾಡಿದ ಪ್ಯಾಂಟಿನ ತರುಣರು ತಿಕೋಟಾದವರೆಗೆ ತುಳಿದುಕೊಂಡು ಬಂದು, ನಮ್ಮದೂ ಬಿಚ್ಚಿ ಎಂದು ನಿಲ್ಲುತ್ತಾರೆ. "ನಿಮ್ಮ ರಸ್ತಾದಾಗ ಎರಿ ಮಣ್ಣು ಎಲ್ಲೈತ್ಲೇ? ಹಾದಿ ಹಿಡಿರಿ" ಎಂದು ಗದರಿಸಿ ಕಳಿಸುವುದರಲ್ಲಿ ಬೆಳಗಿನ ಹೊತ್ತು ಹೋಗುತ್ತದೆ. ಅವರು ಮುಂದಿನ ತಿರುವಿನಲ್ಲಿ ತಾವೇ ಬಿಚ್ಚಿಕೊಳ್ಳುತ್ತಾರೆಂಬುದೂ ಗೈಬುಸಾಬರಿಗೆ ಗೊತ್ತು.

ಸಂಕ್ರಾಂತಿ ಕಳೆದ ಮೇಲೆ ಬಸಗೊಂಡಪ್ಪ ಬಂದ. ಅಣ್ಣನ ಗೋರಿ ಕಂಡು, ಅಲ್ಲಿಂದ ಮುಂದಿನ ಕಾಲುವೆಯ ದಾರಿಯನ್ನು ಸಮುದ್ರದವರೆಗೆ ತಾನು ತುಳಿಯಬೇಕು, ಅಣ್ಣನಿಗೆ ಕಟ್ಟಿದಂಥದೇ ಸೈಕಲ್ ಬೇಕು ಎಂದ. ಮಡ್‌ಗಾರ್ಡ್ ಹಾಕಿಯೇ ಕೊಡುವೆನೆಂದು ಗೈಬುಸಾಬರು ಹೇಳಿದರೆ, ಅಣ್ಣ ಹೋದಂತೆಯೇ ಹೋಗುತ್ತೇನೆಂದು ಹಟ. ಹಾಕಿದರೆ ವಿಜಾಪುರ ದಾಟುವ ಮೊದಲೇ ಬಿಚ್ಚಿ ಒಗೆಯುವುದಾಗಿಯೂ ಹೇಳಿದ. ಗೈಬುಸಾಬರು ಅವನಿಗೆಂದು ಆಯ್ದಿಟ್ಟ ಸೈಕಲ್ಲಿನ ಚೌಕಟ್ಟನ್ನು ತೊಲೆಗೆ ನೇತುಹಾಕಿ, ಕಟ್ಟುವುದಿಲ್ಲವೆಂದು ಕುಳಿತರು. ಈ ಹುಡುಗನೂ ತಾವು ಕಟ್ಟಿದ ಸೈಕಲ್ಲಿನ ಮೇಲೆ ಹೋಗಿ ತಿರುಗಿ ಬರದಿದ್ದರೆ ಮತ್ತೆ ಪಾನಾ ಮುಟ್ಟುವುದು ಹೇಗೆ? ಅವರಿಗೆ ರಾತ್ರಿ ಊಟ ಸೇರುವುದಿಲ್ಲವೆಂದು ಜುಲೇಖಾ ಹೇಳುತ್ತಾರೆ.

ಹುಡುಗರ ತಾಯಿ ಮುರಿಗೆವ್ವ ಬಬಲೇಶ್ವರದಿಂದ ಬಂದರು. ಚಪ್ಪರದ ನೆರಳಿಗೂ ಬರದೆ ಬಿಸಿಲಲ್ಲೇ ನಿಂತು ಕೇಳಿದರು.

"ಗೈಬಣ್ಣ, ನೀ ಕಟ್ಟಲಿಲ್ಲಂದ್ರ ಇವ ಬಿಡ್ತಾನೇನು? ಎಲ್ಲಿಂದರ ಒಂದು ಹಾಳ ಸೈಕಲ್ ತಗೊಂಡು ಹೊಂಡ್ತಾನ. ದೊಡ್ಡಾವ ನಿನ್ನ ನಂಬಿ ಹೋದ. ಸಣ್ಣಾವನೂ ನಿನ್ನ ನಂಬಿ ಬಂದಾನ. ಸಿಟ್ಟ ಸತ್ತಾವನ ಮ್ಯಾಲ ಮಾಡ್ಕೊಂಡು ಕುಂತ್ರ ಬದುಕಿದ್ದಾವನ್ನ ಯಾರ ಕಾಯಬೇಕು?"

ಗೈಬುಸಾಬರು ಕಂಬ ಹಿಡಿದು ಎದ್ದರು, ಚೌಕಟ್ಟು ಕೆಳಗಿಳಿಸಿದರು.

ಆ ವಾರವೆಲ್ಲ ಕೆಲಸ ನಡೆಯಿತು. ಮಡ್‌ಗಾರ್ಡಿಗೂ ಟಯರಿಗೂ ನಡುವೆ ಮೂರು ಬೆರಳು ತೂರುವಷ್ಟು ಸಂದು ಬಿಟ್ಟರು. ನೀರನ್ನೂ ತಡೆಯಬೇಕು, ಎಲ್ಲಿಯಾದರೂ ಕೆಸರು ಸಿಕ್ಕರೆ ಗಾಲಿಯೂ ತಿರುಗಬೇಕು. ಅದಕ್ಕಾಗಿ ಕಬ್ಬಿಣದ ಪಟ್ಟಿ ಬಗ್ಗಿಸಿ ಉದ್ದನೆಯ ಕಾಲು ಕೂರಿಸಿದರು. ಕೊನೆಗೆ ನಟ್ಟು ಬೋಲ್ಟುಗಳನ್ನೆಲ್ಲ ಬದಿಗೆ ಸರಿಸಿ, ತಂದೆಯ ನಾಲಿನ ಸುತ್ತಿಗೆ ತೆಗೆದು, ಮೊಳೆಯನ್ನು ಕಾಯಿಸಿ ತೂರಿಸಿ ಎರಡೂ ತುದಿ ಬಡಿದು ಚಪ್ಪಟೆ ಮಾಡಿದರು. ಆ ಮೊಳೆಗೆ ಇಕ್ಕಳ ಹಿಡಿಯುವ ತಲೆಯೂ ಇಲ್ಲ, ಪಾನಾ ಕೂರುವ ಮೂಲೆಯೂ ಇಲ್ಲ.

ಇಂದು ಬೆಳಗ್ಗೆ ಬಸಗೊಂಡಪ್ಪ ಸೈಕಲ್ ಒಯ್ಯಲು ಬಂದಿದ್ದಾನೆ. ಬಗ್ಗಿ ನೋಡುತ್ತಾನೆ, ಮಡ್‌ಗಾರ್ಡನ್ನು ಎಳೆದು ನೋಡುತ್ತಾನೆ. ಮುಖ ಕಪ್ಪಿಡುತ್ತದೆ.

"ಇದೇನ ಕಾಕಾ, ಬಿಚ್ಚಬೇಕಂದ್ರ ಹೆಂಗ?"

"ಬಿಚ್ಚಬೇಕಂದ್ರ ತಿಕೋಟಾಕ್ಕ ಬಾ."

ಬಸಗೊಂಡಪ್ಪ ನಕ್ಕು, ಗೈಬುಸಾಬರ ಕಾಲು ಮುಟ್ಟುತ್ತಾನೆ. ಕಾಲು ಹಿಂದಕ್ಕೆ ಎಳೆದುಕೊಂಡ ಅವರು, ಹೊತ್ತಾಯಿತು ನಡೆ ಎಂದು ಅವನನ್ನೂ ಗದರಿಸುತ್ತಾರೆ. ಸೈಕಲ್ ವಿಜಾಪುರದ ರಸ್ತೆ ಹಿಡಿದು ಕಣ್ಮರೆಯಾಗುತ್ತದೆ.

ಗೈಬುಸಾಬರು ಕೈಯ ಗ್ರೀಸನ್ನು ಸೀಮೆಎಣ್ಣೆಯಲ್ಲಿ ಒರೆಸಿ, ನೀರಿನಲ್ಲಿ ಎರಡು ಸಲ ತೊಳೆಯುತ್ತಾರೆ. ನಮಾಜಿಗೆ ಮುಖ ಮಾಡುವ ಕಿಬ್ಲೆ ಇರುವುದು ಪಶ್ಚಿಮಕ್ಕೆ, ಆ ಕಾಲುವೆ ಇರುವುದೂ ಅತ್ತಲೇ. ಅತ್ತ ಮುಖ ಮಾಡಿ ಅಂಗೈ ಎತ್ತುತ್ತಾರೆ.

"ಯಾ ಅಲ್ಲಾ, ನಮ್ಮ ಶಿವಯೋಗಿ ಹಟಮಾರಿ ಇದ್ದ, ಕೆಟ್ಟಾವ ಇರಲಿಲ್ಲ. ನಾ ತಿಳೀದ ಮಾಡಿದ್ದನ್ನ ಅವ ನಂಬಿದ. ಅವನ ದಣಿವ ಆರಿಸು. ಮಲಗಿದ ಮಣ್ಣ ಬೆಚ್ಚಗಿಡು. ಆ ಜೀವಕ್ಕ ಶಾಂತಿ ಕೊಡು. ಆಮೀನ್."