ಮಂಗಳಮ್ಮನ ಬಲಗೈ ಮತ್ತು ಎರಡು ಟ್ಯೂಬು

ನಂಜನಗೂಡಿನಿಂದ ನರಸೀಪುರಕ್ಕೆ ಹೋಗುವ ಬಸ್ಸು ನಡುದಾರಿಯಲ್ಲಿ ಒಂದು ಮಠದ ಮುಂದೆ ನಿಲ್ಲುತ್ತದೆ. ಮಧ್ಯಾಹ್ನ ಹನ್ನೆರಡೂವರೆಗೆ ಅಲ್ಲಿ ಇಳಿಯುವವರಲ್ಲಿ ಅರ್ಧದಷ್ಟು ಜನ ಗದ್ದುಗೆಗಿಂತ ಮೊದಲು ದಾಸೋಹದ ಮನೆಯನ್ನು ಹುಡುಕುವವರು. ತಪ್ಪೇನಿಲ್ಲ, ಹೊಟ್ಟೆ ತುಂಬಿದ ಮೇಲೆ ಮಾಡುವ ನಮಸ್ಕಾರಕ್ಕೂ ಒಂದು ತೂಕ ಇರುತ್ತದೆ. ಆ ದಾಸೋಹದಲ್ಲಿ ಇಪ್ಪತ್ತೆರಡು ವರ್ಷ ಸಾರು ಬಡಿಸಿದವಳು ಮಂಗಳಮ್ಮ.

ಎಡಗೈಯಲ್ಲಿ ಬಕೆಟ್ಟು, ಬಲಗೈಯಲ್ಲಿ ಸೌಟು. ಇನ್ನೂರು ಎಲೆಯ ಪಂಕ್ತಿ, ಎಲೆಗೊಂದು ಸೌಟು. ಕೂತವನು ದೊಡ್ಡ ಕಂಟ್ರಾಕ್ಟರೋ, ಗದ್ದೆಯಿಂದ ಕಾಲು ತೊಳೆದುಕೊಂಡು ಬಂದ ಕೂಲಿಯವನೋ ಎಂದು ಅವಳು ಮುಖ ನೋಡಿದವಳೇ ಅಲ್ಲ. ನೋಡುವುದು ಎಲೆಯನ್ನು ಮಾತ್ರ. "ಪಂಕ್ತಿಭೇದ ಮಾಡ್ದೋರ್ಗೆ ನರಕ್ದಲ್ಲೂ ಎಲೆ ಆಕಲ್ಲ" ಎಂಬುದು ಅವಳ ಸಿದ್ಧಾಂತ. ಸ್ವಂತ ಮಗ ನಂಜುಂಡೇಶನ ಮದುವೆಯಲ್ಲಿ ಬೀಗರಿಗೆ ಒಂದೊಂದು ಹೋಳಿಗೆ ಹೆಚ್ಚಿಗೆ ಹಾಕಲು ಒಪ್ಪದೆ, ಬೀಗರ ಮುಖ ಮೂರು ತಿಂಗಳು ಊದಿಕೊಂಡಿರುವಂತೆ ಮಾಡಿದ ಪುಣ್ಯಾತ್ಗಿತ್ತಿ ಇವಳು. ಆ ಬೀಗರ ಮಗಳು, ಇವಳ ಸೊಸೆ ಪವಿತ್ರ, ಇವತ್ತಿಗೂ ಅದನ್ನು ಎತ್ತಿ ಆಡಿಕೊಂಡು ನಗುತ್ತಾಳೆ.

ಅಂಥವಳ ಬಲಗೈ ಮೇಲೆ ಒಂದು ಕಾರ್ತಿಕ ಸೋಮವಾರ ಗಂಜಿ ಸುರಿಯಿತು. ಕೊಪ್ಪರಿಗೆಯ ಬಾಯಿಗೆ ಬಟ್ಟೆ ಕಟ್ಟಿ ಅನ್ನ ಬಸಿಯುತ್ತಿದ್ದಾಗ ಗಂಟು ಜಾರಿತು. ಮೊಣಕೈ ಕೆಳಗಿನಿಂದ ಮಣಿಕಟ್ಟಿನವರೆಗೆ, ಒಳಮೈ ಪೂರಾ ಬೆಂದು ಬೊಬ್ಬೆ ಎದ್ದಿತು. ಎರಡು ತಿಂಗಳು ಪಟ್ಟಿ ಕಟ್ಟಿಸಿಕೊಂಡಳು. ಗಾಯವೇನೋ ಮಾಯಿತು. ಸದ್ಯ ಮುಗಿಯಿತಲ್ಲ ಎಂದುಕೊಳ್ಳುವಷ್ಟರಲ್ಲಿ ಹೊಸ ಕಾಟ ಶುರುವಾಯಿತು. ಮಾಯ್ದ ಜಾಗ ಕೆಂಪಗೆ ಉಬ್ಬಿತು, ಗಟ್ಟಿಯಾಯಿತು, ತುರಿಸಿತು, ದಿನದಿಂದ ದಿನಕ್ಕೆ ಬಿಗಿಯುತ್ತ ಬಂದು ಮಣಿಕಟ್ಟನ್ನು ಒಳಕ್ಕೆ ಎಳೆದುಕೊಂಡಿತು. ಸೌಟು ಹಿಡಿದರೆ ಸಾರು ಈ ಎಲೆಯ ಬದಲು ಪಕ್ಕದ ಎಲೆಗೆ, ಕೆಲವೊಮ್ಮೆ ಊಟದವರ ತೊಡೆಗೆ.

ದಾಸೋಹದ ಉಸ್ತುವಾರಿ ಶಂಭುಲಿಂಗಪ್ಪ ಮೆತ್ತಗಿನ ಮನುಷ್ಯ. ಬೈಯಲಿಲ್ಲ. "ಮಂಗಳಕ್ಕ, ಸ್ವಲ್ಪ ದಿನ ಎಲೆ ಒರ್ಸ್ಕೊಂಡು ಕೂತಿರು" ಎಂದ. ಎಡಗೈಯಲ್ಲಿ ಸೌಟು ಹಿಡಿದು ಬಡಿಸುವ ಮಾತನ್ನು ಅವನೂ ಎತ್ತಲಿಲ್ಲ, ಇವಳೂ ಎತ್ತಲಿಲ್ಲ. ಎಡಗೈಯಲ್ಲಿ ಅನ್ನ ಇಕ್ಕುವುದು ಉಂಟೇ? ಬಲಗೈ ಹೋದರೆ ಬಡಿಸುವುದೇ ಹೋಯಿತು, ಬಡಿಸುವುದು ಹೋದರೆ ಮಂಗಳಮ್ಮ ಎಂದರೆ ಇನ್ನು ಯಾರು ಎಂದು ಅವಳಿಗೇ ಗೊತ್ತಿರಲಿಲ್ಲ. ಗಂಡ ಸತ್ತಾಗಲೂ ಹನ್ನೆರಡನೇ ದಿನಕ್ಕೆ ಸೌಟು ಹಿಡಿದವಳು, ಈಗ ಮಾತ್ರ ಎಲೆಗಳ ಕಂತೆ ಮುಂದೆ ಕೂತು ಅತ್ತಳು.

ಆ ಸಮಯಕ್ಕೆ ಸರಿಯಾಗಿ ಬಂದವಳು ಡಾಕ್ಟರ್ ಶಾಲಿನಿ. ಮೈಸೂರಿನಲ್ಲಿ ಸಂಶೋಧನೆ ಮಾಡುವವಳು, ತಲಕಾಡಿನ ಕಡೆಯ ಹುಡುಗಿ. ತಿಂಗಳಿಗೊಂದು ಮಂಗಳವಾರ ನರಸೀಪುರದ ಆಸ್ಪತ್ರೆಯ ಹಿಂದಿನ ಕೋಣೆಯೊಂದರಲ್ಲಿ ಸುಟ್ಟ ಕಲೆಯವರನ್ನು ನೋಡುತ್ತಿದ್ದಳು. ಸುದ್ದಿ ಕೇಳಿ ಅಲ್ಲಿಗೆ ಹೋದ ಮಂಗಳಮ್ಮನ ಕೈಯನ್ನು ತನ್ನ ಅಂಗೈ ಮೇಲಿಟ್ಟುಕೊಂಡು ಬಹಳ ಹೊತ್ತು ಸವರಿದಳು. ಕೈಯನ್ನು ಹಾಗೆ ಯಾರಾದರೂ ಹಿಡಿದು ಎಷ್ಟು ಕಾಲವಾಗಿತ್ತೋ, ಮಂಗಳಮ್ಮನಿಗೆ ಅಷ್ಟಕ್ಕೇ ಹುಡುಗಿಯ ಮೇಲೆ ಪ್ರೀತಿ ಹುಟ್ಟಿತು.

"ಗಾಯ ಮಾಯ್ತಲ್ಲವ್ವ, ಮತ್ಯಾಕೆ ಇಂಗೆ ಎಳೀತದೆ?" ಎಂದು ಕೇಳಿದಳು.

"ಗಾಯ ಆದ ತಕ್ಷಣ ಮೈಯೊಳಗಿನ ಕೆಲವು ಜೀವಕಣಗಳು ಓಡಿ ಬರ್ತವೆ ಅಮ್ಮ. ಎಳೆ ಎಳೆಯಾಗಿ ನೇಯ್ದು ತೂತು ಮುಚ್ತವೆ, ಎಳೆದು ಬಿಗಿ ಮಾಡ್ತವೆ. ಕೆಲಸ ಮುಗಿದ ಮೇಲೆ ಅವು ಹೋಗ್ಬೇಕು. ಕೆಲವರಲ್ಲಿ ಹೋಗೋದೇ ಇಲ್ಲ, ನೇಯ್ತಾನೇ ಇರ್ತವೆ. ಯಾಕೆ ನಿಲ್ಲಲ್ಲ, ಹೇಗೆ ನಿಲ್ಸೋದು ಅನ್ನೋದೇ ನಮ್ಮ ಹುಡುಕಾಟ."

"ಮದ್ವೇಗೆ ಬಂದ ನೆಂಟ್ರು, ಮದ್ವೆ ಮುಗುದ್ರೂ ಗಂಟುಮೂಟೆ ಕಟ್ದೆ ಕುಂತಂಗೆ ಅನ್ನು."

ಶಾಲಿನಿ ನಕ್ಕಳು. ಆಮೇಲೆ ದನಿ ತಗ್ಗಿಸಿ, "ಚರ್ಮದ ಮೇಲಾದ್ರೆ ಕಣ್ಣಿಗಾದ್ರೂ ಕಾಣುತ್ತೆ. ಇದೇ ಕೆಲಸ ಶ್ವಾಸಕೋಶದೊಳಗೆ ಆದ್ರೆ ಉಸಿರೇ ಬಿಗಿದು ಹೋಗುತ್ತೆ. ನಮ್ಮ ತಾತ ಹಾಗೇ ಹೋದ್ರು" ಎಂದಳು.

ಅವಳ ಅಧ್ಯಯನದಲ್ಲಿ ಅರವತ್ತು ಜನ. ಒಬ್ಬೊಬ್ಬರ ಕಲೆಯ ನಡುವೆ ಒಂದು ಗೆರೆ. ಮೇಲಿನ ಅರ್ಧಕ್ಕೆ ಕೆಂಪು ಮುಚ್ಚಳದ ಟ್ಯೂಬು, ಕೆಳಗಿನ ಅರ್ಧಕ್ಕೆ ನೀಲಿ. ಒಂದರಲ್ಲಿ ಹೊಸ ಔಷಧಿ, ಇನ್ನೊಂದರಲ್ಲಿ ಬರೀ ಮುಲಾಮು. ಯಾವುದು ಯಾವುದೆಂದು ಡಾಕ್ಟರಿಗೂ ಗೊತ್ತಿಲ್ಲ. ಆರು ತಿಂಗಳಾದ ಮೇಲೆ, ಅದನ್ನು ಬರೆದು ಮುಚ್ಚಿಟ್ಟ ಲಕೋಟೆ ಒಡೆದಾಗಲೇ ತಿಳಿಯುವುದು. ಶಾಲಿನಿ ಇದನ್ನೆಲ್ಲ ಎರಡು ಸಲ ಬಿಡಿಸಿ ಹೇಳಿದಳು. ಮಂಗಳಮ್ಮ ಎರಡು ಸಲವೂ ತಲೆಯಾಡಿಸಿ, ಕಾಗದ ಓದಿಸಿಕೊಂಡು, ಎಡಗೈ ಆಸರೆ ಕೊಟ್ಟು ಬಲಗೈಯಲ್ಲೇ ರುಜು ಹಾಕಿದಳು.

ನಂಜನಗೂಡಿನ ಮನೆಗೆ ಬಂದು, ಮರುದಿನ ಬೆಳಗ್ಗೆ ವಿಭೂತಿ ಹಚ್ಚಿಕೊಂಡು, ಟ್ಯೂಬು ಎರಡನ್ನೂ ಮುಂದಿಟ್ಟುಕೊಂಡಳು. ಕೆಂಪು ಮುಚ್ಚಳ ತೆಗೆದಳು. ಮೇಲಿನ ಅರ್ಧಕ್ಕೆ ಹಚ್ಚಲು ಬೆರಳು ಹೋಯಿತು, ಹಾಗೇ ನಿಂತಿತು. ಒಂದೇ ಕೈ. ಒಂದೇ ಗಂಜಿಯಲ್ಲಿ ಬೆಂದದ್ದು. ಇದರಲ್ಲಿ ಅರ್ಧಕ್ಕೆ ಔಷಧಿ, ಅರ್ಧಕ್ಕೆ ಬರೀ ಎಣ್ಣೆಜಿಡ್ಡೇ? ಊರವರ ಎಲೆಗೆ ಮಾಡದ ಭೇದವನ್ನು ಸ್ವಂತ ಮೈಗೆ ಮಾಡುವುದೇ? "ಶಿವನೇ, ನನ್ನ ಕೈಲಿ ಆಗಕಿಲ್ಲ" ಎಂದುಕೊಂಡು ಒಂದು ಬಟ್ಟಲಲ್ಲಿ ಎರಡನ್ನೂ ಸಮಸಮ ಹಿಂಡಿ, ಬೆರಳಲ್ಲಿ ಕಲಸಿ, ಕೈಯುದ್ದಕ್ಕೂ ಒಂದೇ ಸಮ ಸವರಿದಳು. ದಿನಾ ಬೆಳಗ್ಗೆ ಇದೇ ಕ್ರಮ. ಆ ಹೊತ್ತಿಗೆ ನಂಜುಂಡೇಶ ಕೆಲಸಕ್ಕೆ, ಪವಿತ್ರ ಕಾರ್ಖಾನೆಯ ಮೊದಲ ಪಾಳಿಗೆ ಹೋಗಿರುತ್ತಿದ್ದರು, ನೋಡುವವರು ಯಾರೂ ಇರಲಿಲ್ಲ. ತಪ್ಪು ಮಾಡುತ್ತಿದ್ದೇನೆ ಎಂದೂ ಅನ್ನಿಸಲಿಲ್ಲ. ಹಾಗೆ ನೋಡಿದರೆ ಒಂದು ಒಳ್ಳೆಯ ಕೆಲಸ ಮಾಡಿದ ಸಮಾಧಾನವೇ ಇತ್ತು.

ಮೂರು ತಿಂಗಳಲ್ಲಿ ಕಲೆ ಸ್ವಲ್ಪ ಮೆತ್ತಗಾಯಿತು. ಮಣಿಕಟ್ಟು ಒಂದು ಬೆರಳಿನಷ್ಟು ಹೊರಕ್ಕೆ ತಿರುಗತೊಡಗಿತು. ಮಂಗಳಮ್ಮ ಅಡುಗೆಮನೆಯಲ್ಲಿ ಬರೀ ನೀರು ತುಂಬಿದ ಸೌಟು ಹಿಡಿದು ಬಡಿಸುವುದನ್ನು ಅಭ್ಯಾಸ ಮಾಡುವಳು. ಹತ್ತರಲ್ಲಿ ನಾಲ್ಕು ಸಲ ಚೆಲ್ಲುತ್ತಿರಲಿಲ್ಲ. ಆ ಖುಷಿಯಲ್ಲೇ ಮೂರನೇ ತಿಂಗಳ ತಪಾಸಣೆಗೆ ನರಸೀಪುರಕ್ಕೆ ಹೋದಳು.

ಶಾಲಿನಿ ಚರ್ಮದ ಬಿಗಿ ಅಳೆಯುವ ಸಣ್ಣ ಉಪಕರಣವನ್ನು ಮೇಲಿಟ್ಟಳು, ಕೆಳಗಿಟ್ಟಳು, ಮತ್ತೆ ಮೇಲಿಟ್ಟಳು. ಮುಖ ಸಪ್ಪಗಾಯಿತು.

"ಯಾಕವ್ವ, ಮೆತ್ಗಾಗ್ಲಿಲ್ವ?"

"ಆಗಿದೆ ಅಮ್ಮ. ಆದ್ರೆ ಎರಡೂ ಕಡೆ ಒಂದೇ ಥರ ಆಗಿದೆ. ಇನ್ನೂ ಕೆಲವರದ್ದೂ ಹೀಗೇ ಬರ್ತಿದೆ. ಔಷಧಿ ಹಚ್ಚಿದ ಕಡೆಗೂ ಬರೀ ಮುಲಾಮಿನ ಕಡೆಗೂ ವ್ಯತ್ಯಾಸ ಇಲ್ಲ ಅಂದ್ರೆ, ಔಷಧಿ ಕೆಲಸಕ್ಕೆ ಬಾರದ್ದು ಅಂತ ಬರೆದು ಮುಚ್ಚಿಡೋದೇ. ಎರಡು ವರ್ಷದ ಕೆಲಸ. ಹೋಗ್ಲಿ ಬಿಡಿ, ಇದ್ದದ್ದನ್ನ ಇದ್ದ ಹಾಗೆ ಬರೀಬೇಕು."

ಮಂಗಳಮ್ಮನಿಗೆ ತಾನು ಬಟ್ಟಲಲ್ಲಿ ಕಲಸಿದ್ದು ನೆನಪಾಯಿತು. ಹೇಳಿದರೆ ಹೆಸರು ಹೊಡೆದು ಹಾಕುತ್ತಾರೆ, ಟ್ಯೂಬು ವಾಪಸ್ಸು ತೆಗೆದುಕೊಳ್ಳುತ್ತಾರೆ. ಮಣಿಕಟ್ಟು ಈಗ ತಾನೇ ತಿರುಗುತ್ತಿದೆ. ಇನ್ನು ಮೂರೇ ತಿಂಗಳು, ಸುಮ್ಮನಿದ್ದರೆ ಸೌಟು ಕೈಗೆ ಬರಬಹುದು. ಹೊಸ ಟ್ಯೂಬು ಎರಡನ್ನೂ ಸೆರಗಿಗೆ ಕಟ್ಟಿಕೊಂಡು ನಂಜನಗೂಡಿನ ಬಸ್ಸು ಹತ್ತಿಬಿಟ್ಟಳು.

ಆದರೆ ಮನೆಗೆ ಹೋಗಲು ಮನಸ್ಸಾಗಲಿಲ್ಲ. ಮಠದ ಮುಂದೆ ಇಳಿದು, ಪಂಕ್ತಿಯ ಕೊನೆಯಲ್ಲಿ ಎರಡೋ ಮೂರೋ ಎಲೆ ಖಾಲಿ ಇದ್ದಲ್ಲಿ ಹೋಗಿ ಕೂರಲು ಹೊರಟಳು. ಶಂಭುಲಿಂಗಪ್ಪ ಬಿಡಲಿಲ್ಲ, ಮುಂದಿನ ಸಾಲಿಗೆ ಕರೆದು ಕೂರಿಸಿದ. ಅವತ್ತು ಶಾವಿಗೆ ಪಾಯಸ. ತಾನೇ ಬಡಿಸುತ್ತ ಬಂದವನು ಅವಳ ಸೊಟ್ಟ ಕೈ ನೋಡಿ, ಒಂದು ಸೌಟಿನ ಬದಲು ಮೂರು ಸೌಟು ಸುರಿದ.

"ಶಂಭಣ್ಣ, ಇದೇನು? ಪಂಕ್ತೀಲಿ ನಂಗೊಂದು ಲೆಕ್ಕ, ಅವರ್ಗೊಂದು ಲೆಕ್ಕಾನಾ?"

"ನಿನ್ನ ಕೈ ನೋಡಿ ಕರುಳು ಚುರುಕ್ ಅಂತು ಕಣಕ್ಕ. ಉಣ್ಣು, ಯಾರೇನೂ ಅನ್ಕೊಳಲ್ಲ."

ಅವನಿಗೆ ಅವತ್ತು ಎಲ್ಲರ ಮೇಲೂ ಕರುಣೆ ಉಕ್ಕಿತ್ತೋ ಏನೋ, ಕುಂಟುವವರಿಗೊಂದು ಸೌಟು, ಮುದುಕರಿಗೊಂದು ಸೌಟು ಹೆಚ್ಚಿಗೆ ಬೀಳುತ್ತ ಹೋಯಿತು. ಪಂಕ್ತಿಯ ಕೊನೆ ಮುಟ್ಟುವಷ್ಟರಲ್ಲಿ ಬಕೆಟ್ಟಿನ ತಳ ಗರಗರ ಸದ್ದು ಮಾಡಿತು. ಏಳು ಎಲೆಗಳಿಗೆ ಪಾಯಸವಿಲ್ಲ. ಆ ತುದಿಯಲ್ಲಿದ್ದ ಹೆಂಗಸೊಬ್ಬಳು ಎಲೆಯ ಮೂಲೆಯಲ್ಲಿ ಪಾಯಸಕ್ಕೆಂದು ಬಿಟ್ಟುಕೊಂಡಿದ್ದ ಜಾಗವನ್ನು ನೋಡಿ, ಅನ್ನವನ್ನೇ ಅಲ್ಲಿಗೆ ಸರಿಸಿಕೊಂಡು ಉಣ್ಣತೊಡಗಿದಳು.

ಮಂಗಳಮ್ಮನಿಗೆ ತುತ್ತು ಇಳಿಯಲಿಲ್ಲ. ತನ್ನ ಕೈಗೆ ಭೇದ ಮಾಡಬಾರದೆಂದು ತಾನು ಮಾಡಿದ್ದೂ ಇದನ್ನೇ ಅಲ್ಲವೇ? ಒಂದು ಕೈಯ ಮೇಲಿನ ಅಕ್ಕರೆಗೆ, ಮುಂದೆ ಸುಟ್ಟುಕೊಂಡು ಬರುವವರ ಎಲೆಗೆಲ್ಲ ಔಷಧಿಯೇ ಬೀಳದಂತೆ ಮಾಡಿದೆ. ಆ ಹುಡುಗಿಯ ತಾತನಂತೆ ಉಸಿರು ಬಿಗಿಯುವವರೂ ಅದೇ ಪಂಕ್ತಿಯ ಕೊನೆಯಲ್ಲಿ ಕೂತಿದ್ದಾರೆ. "ಅಯ್ಯೋ, ನಾನೇ ಪಂಕ್ತಿಭೇದ ಮಾಡ್ಬುಟ್ನಲ್ಲ" ಎಂದು ಗಟ್ಟಿಯಾಗಿಯೇ ಅಂದಳು. ಮೊದಲ ಸಲ ಎಲೆಯಲ್ಲಿ ಅನ್ನ ಬಿಟ್ಟು ಎದ್ದು, ಎದುರು ದಿಕ್ಕಿನ ಬಸ್ಸಿಗೆ ಕೈ ಅಡ್ಡ ಹಾಕಿದಳು.

ಶಾಲಿನಿ ಕೋಣೆಗೆ ಬೀಗ ಹಾಕುತ್ತಿದ್ದಳು. ಮಂಗಳಮ್ಮ ನಿಂತಲ್ಲೇ ಎಲ್ಲವನ್ನೂ ಒಪ್ಪಿಸಿದಳು: ಬಟ್ಟಲು, ಸಮಸಮ ಹಿಂಡಿದ್ದು, ಕಲಸಿದ್ದು.

"ಯಾವತ್ತಿಂದ?"

"ಮೊದಲ್ನೇ ದಿನದಿಂದ ಕಣವ್ವ."

ಶಾಲಿನಿ ಬಾಗಿಲ ಮೆಟ್ಟಿಲ ಮೇಲೆಯೇ ತಲೆಗೆ ಕೈಹೊತ್ತು ಕೂತಳು. "ನಾನು ಎರಡು ಸಲ ಬಿಡಿಸಿ ಹೇಳಿದ್ನಲ್ಲ ಅಮ್ಮಾ!" ಎಂದು ರೇಗಿದಳು. ದನಿ ಒಡೆಯಿತು. ಮಂಗಳಮ್ಮ ಸೆರಗಿನ ಗಂಟು ಬಿಚ್ಚಿ ಟ್ಯೂಬು ಎರಡನ್ನೂ ಅವಳ ಪಕ್ಕದಲ್ಲಿಟ್ಟಳು.

"ತಗೋ. ತಪ್ಪು ಮಾಡಿವ್ನಿ. ನನ್ನ ಪಂಕ್ತಿಯಿಂದ ಎಬ್ಬಿಸ್ಬುಡು. ಬೇರೆಯೋರ ಊಟ ಕೆಡಿಸ್ಬೇಡ."

ಶಾಲಿನಿ ಟ್ಯೂಬುಗಳನ್ನು ನೋಡಿದಳು, ಅವಳ ಮುಖ ನೋಡಿದಳು. ಸಿಟ್ಟು ಹಾಗೇ ಇಳಿಯಿತು.

"ಎಬ್ಬಿಸೋ ಹಾಗಿಲ್ಲ ಮಂಗಳಮ್ಮ. ನಮ್ಮಲ್ಲೂ ಒಂದು ನಿಯಮ ಇದೆ. ಒಂದು ಸಲ ಸೇರಿಸಿಕೊಂಡ ಮೇಲೆ, ತಪ್ಪು ಹಚ್ಚಿದೋರನ್ನೂ, ಹಚ್ಚದೇ ಬಿಟ್ಟೋರನ್ನೂ ಲೆಕ್ಕದಿಂದ ತೆಗೆಯೋ ಹಾಗಿಲ್ಲ. ಸರಿಯಾಗಿ ಮಾಡಿದೋರನ್ನ ಮಾತ್ರ ಉಳಿಸಿಕೊಂಡ್ರೆ ಫಲಿತಾಂಶ ಚೆನ್ನಾಗಿ ಕಾಣುತ್ತೆ, ನಿಜ ಆಗಿರಲ್ಲ. ನಿಮ್ಮ ತಪ್ಪನ್ನೂ ಬರೆದುಕೊಂಡು, ನಿಮ್ಮನ್ನೂ ಕೂರಿಸಿಕೊಂಡೇ ಮುಗಿಸ್ಬೇಕು."

ಕೂತವರನ್ನು ಉಣ್ಣುವ ನಡುವೆ ಎಬ್ಬಿಸಬಾರದು. ಇಷ್ಟು ಓದಿದವರಿಗೂ ಅದೇ ನಿಯಮವೇ ಎಂದು ಮಂಗಳಮ್ಮನ ಕಣ್ಣು ತುಂಬಿತು.

"ಇನ್ಮೇಲೆ ಮಾತ್ರ ಕೆಂಪು ಮೇಲಕ್ಕೆ, ನೀಲಿ ಕೆಳಕ್ಕೆ. ಆಗುತ್ತಾ?"

ಕೆಳಗಿನದು ಎಂದರೆ ಮಣಿಕಟ್ಟು. ಸೌಟು ತಿರುಗಿಸುವ ಜಾಗ. ನೀಲಿ ಬರೀ ಮುಲಾಮಾಗಿದ್ದರೆ? ಮಂಗಳಮ್ಮ ಮಣಿಕಟ್ಟನ್ನೊಮ್ಮೆ ಸವರಿಕೊಂಡಳು. "ಆಯ್ತದೆ ಬುಡವ್ವ" ಎಂದಳು.

ಮುಂದಿನ ತಿಂಗಳು ಶಾಲಿನಿ ಒಬ್ಬೊಬ್ಬರನ್ನೂ ಕೂರಿಸಿ ನಯವಾಗಿ ವಿಚಾರಿಸಿದಾಗ, ಅರವತ್ತು ಜನರಲ್ಲಿ ಮಂಗಳಮ್ಮನಲ್ಲದೆ ಇನ್ನೂ ಹನ್ನೊಂದು ಮಂದಿ ಇದೇ ಕೆಲಸ ಮಾಡಿದ್ದು ಹೊರಬಿತ್ತು. ಸೋಮನಾಥಪುರದ ಒಬ್ಬಾಕೆಯಂತೂ ಮಿಕ್ಕಿದ್ದನ್ನು ಸುಡದ ಕೈಗೂ ಹಚ್ಚಿ, ಅದಕ್ಕೂ ಬೇಜಾರಾಗದಂತೆ ನೋಡಿಕೊಂಡಿದ್ದಳು. ಅವರಿಗೆಲ್ಲ ಬುದ್ಧಿ ಹೇಳುವ ಕೆಲಸ ಮಂಗಳಮ್ಮನ ಪಾಲಿಗೆ ಬಂತು. ಬೆಂಚಿನ ಮೇಲೆ ಸಾಲಾಗಿ ಕೂತ ಹೆಂಗಸರ ಮುಂದೆ ನಿಂತು, "ಇವತ್ತು ಮಣಿಕಟ್ಟಿಗೆ ಉಪವಾಸ ಕಣ್ರವ್ವ, ನಾಳೆ ಊರ್ಗೆಲ್ಲ ಊಟ" ಎಂದಳು. ಕಾಗದದಲ್ಲಿ ಎರಡು ಪುಟ ಬರೆದಿದ್ದಕ್ಕಿಂತ ಅದು ಚೆನ್ನಾಗಿ ನಾಟಿತು.

ಉಳಿದ ಮೂರು ತಿಂಗಳು ಅವಳು ಗೆರೆ ದಾಟಲಿಲ್ಲ. ದಿನಾ ನೀಲಿ ಹಚ್ಚುವಾಗ ಮಣಿಕಟ್ಟಿಗೆ, "ನೀನು ಸ್ವಲ್ಪ ತಡ್ಕೊ, ನಿನ್ನ ಮರ್ತಿಲ್ಲ" ಎಂದು ಹೇಳುವಳು. ಮೇಲಿನ ಅರ್ಧ ಮೆತ್ತಗಾಗುತ್ತ ಹೋಯಿತು, ಮಣಿಕಟ್ಟು ಅಲ್ಲೇ ನಿಂತಿತು. ಪವಿತ್ರ ಒಂದು ದಿನ ಕಣ್ಣೊರೆಸಿಕೊಂಡು, "ಅತ್ತೆ, ಕೆಂಪುದನ್ನೇ ಒಂಚೂರು ಕೆಳಗೂ ಹಚ್ಚಿ, ಯಾರ್ಗೆ ಗೊತ್ತಾಗುತ್ತೆ?" ಎಂದಳು. "ನಿಮ್ಮಪ್ಪಂಗೇ ಹೆಚ್ಗೆ ಹೋಳ್ಗೆ ಹಾಕ್ದೋಳಲ್ಲ ನಾನು" ಎಂದು ಮಂಗಳಮ್ಮ ಟ್ಯೂಬಿನ ಮುಚ್ಚಳ ತಿರುಗಿಸಿದಳು.

ಲಕೋಟೆ ಒಡೆದಾಗ ಔಷಧಿ ಇದ್ದದ್ದು ಕೆಂಪಿನಲ್ಲೇ. ಪವಾಡವೇನಲ್ಲ, ಹನ್ನೆರಡು ಜನರ ಕಲಸುಮೇಲೋಗರವನ್ನೂ ಸೇರಿಸಿಕೊಂಡ ಮೇಲೂ ಸಣ್ಣದೊಂದು ವ್ಯತ್ಯಾಸ ಉಳಿದಿತ್ತು. ಇನ್ನೂ ದೊಡ್ಡ ಅಧ್ಯಯನ ಮಾಡಬೇಕು ಎಂದು ಶಾಲಿನಿ ಬರೆದಳು. ರುಜು ಹಾಕಿಸಿಕೊಂಡ ಕಾಗದದಲ್ಲಿ ಮಾತು ಕೊಟ್ಟಿದ್ದಂತೆ, ಬರೀ ಮುಲಾಮು ಉಂಡ ಜಾಗಗಳಿಗೂ ಆಮೇಲೆ ಔಷಧಿ ಸಿಕ್ಕಿತು. ಮಣಿಕಟ್ಟು ಮುಕ್ಕಾಲು ಪಾಲು ಬಿಚ್ಚಿಕೊಂಡಿತು. ಉಳಿದ ಕಾಲು ಭಾಗವನ್ನು ಮಂಗಳಮ್ಮ ಸೊಂಟ ತಿರುಗಿಸಿ ಸರಿದೂಗಿಸುವುದನ್ನು ಕಲಿತಳು.

ಅವಳು ಮತ್ತೆ ಸೌಟು ಹಿಡಿದ ಸೋಮವಾರ ಶಾಲಿನಿಯೂ ಬಂದು ಪಂಕ್ತಿಯಲ್ಲಿ ಕೂತಿದ್ದಳು. ಮಂಗಳಮ್ಮ ಎಲೆಯಿಂದ ಎಲೆಗೆ ಬಂದಳು, ಸೊಂಟ ತಿರುಗಿಸಿದಳು, ಒಂದು ಸೌಟು ಸಾರು ಅನ್ನದ ಗುಣಿಗೆ ಸರಿಯಾಗಿ ಬಿತ್ತು. ಒಂದು ಹನಿ ಆಚೆ ಹೋಗಲಿಲ್ಲ. ಶಾಲಿನಿ ತಲೆ ಎತ್ತಿ ನಗುತ್ತ, "ಇನ್ನೊಂದು ಸೌಟು ಹಾಕಿ ಅಮ್ಮ" ಎಂದಳು.

ಮಂಗಳಮ್ಮನಿಗೆ ಆ ಹುಡುಗಿಯ ಎಲೆಗೆ ಇಡೀ ಬಕೆಟ್ಟನ್ನೇ ಸುರಿಯಬೇಕೆನಿಸಿತು. ಪಂಕ್ತಿಯ ಕೊನೆಯ ಎಲೆಯತ್ತ ಒಮ್ಮೆ ನೋಡಿದಳು.

"ಎಲ್ಲಾರ್ಗೂ ಆಗ್ಲಿ ತಾಯಿ, ಇನ್ನೊಂದು ಸುತ್ತು ಬತ್ತೀನಿ" ಎಂದು ಮುಂದಿನ ಎಲೆಗೆ ಸರಿದಳು.